ಎಂಟು ನಿಮಿಷ ಬಾಯಿ ಮುಚ್ಚಿಸುವ ಅಕ್ಕ

ಬೆಳಗಿನ ಆರೂ ಮುಕ್ಕಾಲು. ದೊಡ್ಡಾಸ್ಪತ್ರೆಯ ಮುಂಬಾಗಿಲಲ್ಲಿ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಹಿಂಬದಿಯ ಸಣ್ಣ ಬಾಗಿಲಲ್ಲಿ ಆಗಲೇ ಹದಿನೇಳು ಜನ ಸಾಲುಗಟ್ಟಿದ್ದಾರೆ. ಬಟ್ಟೆ ಒಗೆಯುವ ಕೋಣೆಗೂ ಸಿಲಿಂಡರ್ ಇಡುವ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಿರುವ ಈ ಬಾಗಿಲಿಗೆ ಫಲಕವಿಲ್ಲ. ಬೇಕಾದವರಿಗೆ ದಾರಿ ಗೊತ್ತು. ಒಳಗೆ, ಸಣ್ಣದೊಂದು ಕಂಡಿಯ ಹಿಂದೆ, ಎಲ್ಲರೂ ಅಕ್ಕ ಎಂದು ಕರೆಯುವ ಐವತ್ತಾರು ವರ್ಷದ ನರ್ಸ್ ಒಬ್ಬರು ಕಬ್ಬಿಣದ ಕಪಾಟಿನ ಎರಡೂ ಬೀಗ ತೆಗೆದು, ಕೈ ತೊಳೆದು, ಸ್ಟೀಲಿನ ಪುಟ್ಟ ಬಟ್ಟಲು, ಚಮಚ, ನೀರಿನ ಜಗ್ಗು, ಕಾಗದದ ಲೋಟಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದಾರೆ. ಕೊನೆಗೆ ತಮ್ಮ ಕೈಗಡಿಯಾರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ನಿಲ್ಲಿಸುತ್ತಾರೆ. ಗೋಡೆ ಗಡಿಯಾರ ನಿಂತು ಎರಡು ವರ್ಷವಾಯಿತು.

"ಬನ್ರಪ್ಪ, ಒಂದೊಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡ್ಕೊಂಡು ಬನ್ನಿ."

ಮೊದಲನೆಯವನು ಕಂಡಿಯ ಮುಂದೆ ಬರುತ್ತಾನೆ. ಅಕ್ಕನಿಗೆ ಅವನ ಹೆಸರು ಗೊತ್ತಿದ್ದರೂ ಕೇಳುತ್ತಾರೆ, ಕಾಗದದಲ್ಲಿ ನೋಡುತ್ತಾರೆ. ಆಮೇಲೆ ಮೂರು ಪ್ರಶ್ನೆ. ನಿದ್ದೆ ಬಂತಾ? ಹೊಟ್ಟೆ ಸಲೀಸಾಗಿ ಹೋಯ್ತಾ? ಬೇರೆ ಏನಾದ್ರೂ ತಗೊಂಡ್ಯಾ? ಉತ್ತರ ಕೇಳುವಾಗ ಅವರ ಕಣ್ಣು ಅವನ ಕಣ್ಣಿನ ಮೇಲಿರುತ್ತದೆ. ನಂತರ ವೈದ್ಯರು ಬರೆದಷ್ಟು ಮಾತ್ರೆಯನ್ನು ಬಟ್ಟಲಿಗೆ ಹಾಕಿ, ಚಮಚದ ಬೆನ್ನಿನಿಂದ ಒತ್ತಿ ಪುಡಿ ಮಾಡಿ, ಅವನ ನಾಲಿಗೆಯ ಕೆಳಗೆ ಸುರಿಯುತ್ತಾರೆ. ಅವನು ಹೋಗಿ ಬೆಂಚಿನ ಮೇಲೆ ಕೂರುತ್ತಾನೆ. ಎಂಟು ನಿಮಿಷ ನುಂಗುವಂತಿಲ್ಲ, ಉಗುಳುವಂತಿಲ್ಲ, ತುಟಿ ಪಿಟಕ್ಕೆನ್ನುವಂತಿಲ್ಲ. ಪುಡಿ ನಾಲಿಗೆಯ ಕೆಳಗೇ ಕರಗಿ ರಕ್ತಕ್ಕೆ ಸೇರಬೇಕು. ನುಂಗಿದರೆ ಹೆಚ್ಚಿನಂಶ ವ್ಯರ್ಥ.

ಬೆಂಚು ತುಂಬುತ್ತಿದ್ದಂತೆ ಅಕ್ಕ ಕೈ ನಿಲ್ಲಿಸದೆ ಮಾತಿಗೆ ಶುರು ಮಾಡುತ್ತಾರೆ. ನಿವೃತ್ತ ಬಸ್ ಚಾಲಕರಾದ ತಮ್ಮ ಯಜಮಾನರು ಅಡುಗೆಮನೆಯ ನಲ್ಲಿ ರಿಪೇರಿಗೆ ಇಳಿದು ಇದು ಒಂಬತ್ತನೇ ದಿನ. ನಿನ್ನೆಯ ಹೊತ್ತಿಗೆ ನಲ್ಲಿ ಸೋರುವುದು ನಿಂತಿತ್ತು, ಜೊತೆಗೆ ನೀರು ಬರುವುದೂ ನಿಂತಿತ್ತು. "ಪ್ಲಂಬರ್ ಕರೆಸ್ರೀ ಅಂದ್ರೆ, 'ಮೂವತ್ತು ವರ್ಷ ಬಸ್ಸು ಓಡಿಸ್ದೋನಿಗೆ ನಲ್ಲಿ ಯಾವ ಲೆಕ್ಕ' ಅಂತಾರೆ. ಬಸ್ಸಿಗೆ ಬ್ರೇಕ್ ಇತ್ತು, ಇವರಿಗೆ ಅದೂ ಇಲ್ಲ." ಬೆಂಚಿನ ಮೇಲಿದ್ದವರ ಹೆಗಲು ಕುಲುಕುತ್ತದೆ. ನಗು ತಡೆಯಲು ಒಬ್ಬ ಮೂಗು ಹಿಡಿದುಕೊಳ್ಳುತ್ತಾನೆ.

"ಮನೇಲಿ ನನ್ನ ಮಾತು ಕೇಳೋರೇ ಇಲ್ಲ. ಇಲ್ಲಿ ದಿನಾ ತೊಂಬತ್ತು ಜನ ಬಾಯಿ ಮುಚ್ಕೊಂಡು ಕೇಳ್ತಾರೆ. ಇಂಥ ಭಾಗ್ಯ ಯಾವ ಹೆಂಗಸಿಗಿದೆ ಹೇಳಿ?" ಎನ್ನುತ್ತಾರೆ ಅಕ್ಕ. ನಾಳೆ ನಲ್ಲಿಯ ಗತಿ ಏನಾಯಿತೆಂದು ತಿಳಿಯುವುದಕ್ಕಾದರೂ ಕೆಲವರು ತಪ್ಪದೆ ಬರುತ್ತಾರೆಂಬುದು ಪಕ್ಕದ ಕೋಣೆಯ ಕೌನ್ಸೆಲರಮ್ಮನ ಗುಮಾನಿ. ರೋಗಿಗಳು ಈ ನರ್ಸಿಗೆ ಇಟ್ಟಿರುವ ಹೆಸರು ಎಂಟ್ನಿಮಿಷದಕ್ಕ.

ಇಲ್ಲಿಗೆ ಬರುವವರು ಅಫೀಮು, ಬ್ರೌನ್ ಪೌಡರ್ ಎಂಬ ಹೆರಾಯಿನ್ ಪುಡಿ ಅಥವಾ ನೋವಿನ ಮಾತ್ರೆಗಳಿಗೆ ದಾಸರಾದವರು. ಅಕ್ಕ ಕೊಡುವ ಮಾತ್ರೆಯ ಹೆಸರು ಬುಪ್ರೆನಾರ್ಫಿನ್. ಅದು ಏನು ಮಾಡುತ್ತದೆಂದು ಪಾಠ ಒಪ್ಪಿಸುವವರು ಬಹಳ ಮಂದಿ ಇದ್ದಾರು. ಅಕ್ಕ ಹೇಳುವುದು ಹೀಗೆ: "ತಲೇಲಿ ಒಂದಿಷ್ಟು ಕುರ್ಚಿ ಇದೆ ಅಂದ್ಕೊಳ್ಳಿ. ನಶೆ ಪುಡಿ ಬಂದು ಅದರ ಮೇಲೆ ಕೂತು ಕುಣಿಯುತ್ತೆ. ಅದು ಎದ್ದು ಹೋದ ಕೂಡ್ಲೆ ಕುರ್ಚಿ ಖಾಲಿ ಅಂತ ಮೈಯೆಲ್ಲ ರಂಪ ಮಾಡುತ್ತೆ, ಕೈಕಾಲು ನೋವು, ಭೇದಿ, ನಿದ್ದೆಯಿಲ್ಲ. ಈ ಮಾತ್ರೆ ಬಂದು ಅದೇ ಕುರ್ಚೀಲಿ ಕೂರುತ್ತೆ, ಆದ್ರೆ ಕುಣಿಯಲ್ಲ. ದೊಡ್ಡ ಮನುಷ್ಯರ ಥರ ಸುಮ್ನೆ ಕೂತಿರುತ್ತೆ. ಇವನು ಎದ್ದು ಕೆಲಸಕ್ಕೆ ಹೋಗ್ತಾನೆ."

ಅದಕ್ಕೇ ಈ ಬಾಗಿಲು ಏಳಕ್ಕೆ ತೆರೆಯುವುದು. ಎಂಟೂವರೆಯ ಹೊತ್ತಿಗೆ ಗಾರೆಯವರು, ಡ್ರೈವರುಗಳು, ಹೋಟೆಲಿನವರು, ಇಬ್ಬರು ಶಾಲಾ ಶಿಕ್ಷಕರು ಹೊರಟು ಹೋಗಿರುತ್ತಾರೆ. ದಿನಕ್ಕೆ ತೊಂಬತ್ತನಾಲ್ಕು ಜನ, ಅವರಲ್ಲಿ ಹನ್ನೊಂದು ಹೆಂಗಸರು. ಎಲ್ಲರಿಗಿಂತ ಹಿರಿಯರಿಗೆ ಎಪ್ಪತ್ತೊಂದು. ಮಂಡಿ ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆ ಅವರನ್ನು ಬಿಡಲೇ ಇಲ್ಲ. ಇವರಲ್ಲದೆ, ಬಹಳ ದಿನ ಸರಿಯಾಗಿ ನಡೆದುಕೊಂಡು ಬಂದ ಮೂವತ್ತೊಂದು ಜನರಿಗೆ ವಾರದ ಮಾತ್ರೆಯನ್ನು ಮನೆಗೇ ಕೊಡುತ್ತಾರೆ. ಅಕ್ಕ ಈ ಕಂಡಿಯ ಹಿಂದೆ ನಿಂತು ಹದಿನಾಲ್ಕು ವರ್ಷವಾಗಿದೆ.

ಅವರು ಇಲ್ಲಿಗೆ ಇಷ್ಟಪಟ್ಟು ಬಂದವರಲ್ಲ. ಹದಿನೆಂಟು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರು. ಬಾಣಂತಿಯರನ್ನು ಒಂದೇ ಮಂಚದಲ್ಲಿ ಇಬ್ಬಿಬ್ಬರಂತೆ ಮಲಗಿಸಿದ್ದಕ್ಕೆ ಮೇಲಿನವರ ಮುಖಕ್ಕೇ ನಾಲ್ಕು ಮಾತು ಅಂದರು. ಮರುವಾರ ಅವರನ್ನು ಹಿಂಬಾಗಿಲಿಗೆ ಹಾಕಲಾಯಿತು. "ಹುಟ್ಟೋ ಮಕ್ಕಳ ಅಳು ಕೇಳ್ತಿದ್ದೋಳು ನಾನು. ಇಲ್ಲಿ ಬಂದು ನೋಡಿದ್ರೆ ಮೀಸೆ ಬಂದೋರು ಅಳ್ತಿದ್ರು. ಒಂದೇ ವಾರಕ್ಕೆ ವರ್ಗಾವಣೆಗೆ ಅರ್ಜಿ ಬರೆದುಕೊಟ್ಟೆ." ಆ ಅರ್ಜಿಯನ್ನು ಮೂರನೇ ತಿಂಗಳಲ್ಲಿ ಅವರೇ ವಾಪಸ್ ತೆಗೆದುಕೊಂಡರು. ಯಾಕೆಂದು ಕೇಳಿದರೆ, ಅಕ್ಕ ಚಮಚ ಒರೆಸುತ್ತ ಒಬ್ಬನ ಕಥೆ ಹೇಳುತ್ತಾರೆ.

ಆಗ ಬೀಗ ರಿಪೇರಿ ಮಾಡುವವನೊಬ್ಬ ಹೊಸದಾಗಿ ಬಂದಿದ್ದ. ಪುಡಿ ತೆಗೆದುಕೊಂಡು ಎಷ್ಟು ಹೊತ್ತಾಯಿತು ಎಂದು ಕೇಳಿದರೆ "ನಿನ್ನೆ ಮಧ್ಯಾಹ್ನ" ಎಂದ. ಅಕ್ಕ ನಂಬಿದರು, ವೈದ್ಯರು ಅಕ್ಕನನ್ನು ನಂಬಿದರು, ಮೊದಲ ಮಾತ್ರೆ ಕೊಟ್ಟರು. ಅವನು ಪುಡಿ ಸೇದಿದ್ದು ಎರಡು ಗಂಟೆ ಮುಂಚೆ. "ಪುಡಿ ಇನ್ನೂ ಕುರ್ಚೀಲಿ ಕೂತಿರೋವಾಗ್ಲೇ ಈ ಮಾತ್ರೆ ಹೋದ್ರೆ, ಅದನ್ನ ಕುತ್ತಿಗೆ ಹಿಡಿದು ಎಬ್ಬಿಸಿ ಆಚೆ ತಳ್ಳುತ್ತೆ. ಎರಡು ಮೂರು ದಿನದಲ್ಲಿ ಪಡೋ ಸಂಕಟ ಎಲ್ಲ ಅರ್ಧ ಗಂಟೇಲಿ ಮೈಮೇಲೆ ಬೀಳುತ್ತೆ." ಬೀಗದವನು ಬೆವೆತ, ವಾಂತಿ ಮಾಡಿಕೊಂಡ, ಗಡಗಡ ನಡುಗಿದ. ತಡೆಯಲು ಹೋದ ಅಕ್ಕನ ಕೈ ಕೊಸರಿಕೊಂಡು, "ಔಷಧಿ ಅಂತ ವಿಷ ಕೊಟ್ಟೆಯಲ್ಲ" ಎಂದು ಕೂಗಿ ಓಡಿಹೋದ.

"ಅವನು ವಾಪಸ್ ಬರೋವರೆಗೂ ನಾನು ಇಲ್ಲಿಂದ ಹೋಗಲ್ಲ ಅಂತ ಅರ್ಜಿ ಹರಿದೆ" ಎನ್ನುತ್ತಾರೆ ಅಕ್ಕ. ಎಂಟು ತಿಂಗಳು ದಿನಾ ಸಾಲಿನಲ್ಲಿ ಅವನ ಮುಖ ಹುಡುಕಿದರು. ಒಂದು ದಿನ ಬಂದ, ಎಲುಬಿನ ಹಂದರವಾಗಿ. ಅವನಿಗೆ ಬೇರೆ ಬಾಗಿಲು ಇರಲಿಲ್ಲ. ಅಂದಿನಿಂದ ಅಕ್ಕ ಯಾರ ಬಾಯಿಮಾತನ್ನೂ ನಂಬಿ ಮೊದಲ ಮಾತ್ರೆ ಕೊಟ್ಟಿಲ್ಲ. ಆಕಳಿಕೆ ಬರಬೇಕು, ಮೂಗು ಸೋರಬೇಕು, ಕಣ್ಣಿನ ಪಾಪೆ ಅಗಲವಾಗಬೇಕು, ತೋಳಿನ ರೋಮ ನಿಮಿರಬೇಕು. ಬಾಯಿ ಸುಳ್ಳು ಹೇಳಬಹುದು, ತೋಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಈ ಲಕ್ಷಣಗಳಿಗೆ ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಬೇಕಾದರೆ ಒಬ್ಬ ಹೊಸಬನ ಮೊದಲ ದಿನವನ್ನು ನೋಡಬೇಕು.

ಈ ದಿನ ಒಂಬತ್ತಕ್ಕೆ, ವೈದ್ಯರು ಬರುವ ಹೊತ್ತಿಗೆ, ಬಣ್ಣ ಬಳಿಯುವವನೊಬ್ಬನನ್ನು ಅವನ ಹೆಂಡತಿ ಕೈಹಿಡಿದು ಕರೆತರುತ್ತಾಳೆ. ಮೂವತ್ತರ ಆಸುಪಾಸಿನ ಪೇಂಟರ್. ನಾಲ್ಕು ವರ್ಷದ ಹಿಂದೆ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ನೋಯಿಸಿಕೊಂಡ. ನೋವಿಗೆ ಕೊಟ್ಟ ಮಾತ್ರೆ ನೋವು ಹೋದ ಮೇಲೂ ಬೇಕೆನಿಸಿತು. ಈಗ ದಿನಕ್ಕೆ ಇಪ್ಪತ್ತು ನುಂಗುತ್ತಾನೆ. ಹೊಲಿಗೆ ಕೆಲಸದ ಹೆಂಡತಿ ಒಂದು ಮಾತು ಹೇಳಿಯೇ ಕರೆತಂದಿದ್ದಾಳೆ. ಇವತ್ತು ಇಲ್ಲಿ ಚಿಕಿತ್ಸೆ ಶುರುವಾಗದಿದ್ದರೆ ಅವಳು ತವರಿಗೆ ಹೊರಟಳು, ಮಗಳನ್ನೂ ಕರೆದುಕೊಂಡು.

"ನಿನ್ನೆ ಸಂಜೆಯಿಂದ ಮುಟ್ಟಿಲ್ಲ ಅಕ್ಕಾ, ಇವರು ಮಗಳ ಮೇಲಾಣೆ ಮಾಡಿದ್ದಾರೆ. ಬೇಗ ಕೊಟ್ಬಿಡಿ" ಎನ್ನುತ್ತಾಳೆ.

ಅಕ್ಕ ಪೇಂಟರನ್ನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಅವನ ತೋಳು ಹಿಡಿದು ನೋಡುತ್ತಾರೆ. ನುಣ್ಣಗಿದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಿದೆ. ಆಕಳಿಕೆಯ ಸುಳಿವಿಲ್ಲ. ಹೆಂಡತಿಗೆ, "ತಂಗೀ, ಮುಂದುಗಡೆ ಅಂಗಡೀಲಿ ಒಂದು ಪೊಟ್ಟಣ ಬಿಸ್ಕತ್ತು ತಗೊಂಡು ಬಾಮ್ಮ" ಎನ್ನುತ್ತಾರೆ. ಹೊಸಬರ ಜೊತೆ ಬಂದವರನ್ನು ಬಿಸ್ಕತ್ತಿಗೆ ಕಳಿಸುವುದು ಅಕ್ಕನ ಹಳೆಯ ಉಪಾಯ. ಹೆಂಡತಿ, ಅಮ್ಮ, ಅಣ್ಣ ಎದುರಿಗಿದ್ದರೆ ಯಾರೂ ನಿಜ ಹೇಳುವುದಿಲ್ಲ.

"ಈಗ ಹೇಳು ತಮ್ಮಾ. ಇಲ್ಲಿ ನಿಜ ಹೇಳಿದ್ರೆ ಬೈಯೋರಿಲ್ಲ."

"ಹೇಳಿದ್ನಲ್ಲ ಅಕ್ಕಾ, ನಿನ್ನೆ ಸಂಜೆ."

ಉಪಾಯ ಫಲಿಸುವುದಿಲ್ಲ. ವೈದ್ಯರು ಬಂದು ನೋಡಿ ತಲೆಯಾಡಿಸುತ್ತಾರೆ. ಇನ್ನೂ ಹೊತ್ತಿದೆ, ಕಾಯಲಿ, ಲಕ್ಷಣ ಕಂಡ ಕೂಡಲೇ ವಾರ್ಡಿನಿಂದ ತಮ್ಮನ್ನು ಕರೆಸಿ ಎಂದು ಹೇಳಿ ಹೋಗುತ್ತಾರೆ. ಬಿಸ್ಕತ್ತು ತಂದ ಹೆಂಡತಿಗೆ ಸಿಟ್ಟು ನೆತ್ತಿಗೇರುತ್ತದೆ. "ಕೊಡೋ ಮನಸ್ಸಿಲ್ಲದಿದ್ರೆ ಹೇಳ್ಬಿಡಿ, ಹೋಗ್ತೀವಿ." ಪೇಂಟರ್ ಆಗಲೇ ಅರ್ಧ ಎದ್ದಿದ್ದಾನೆ. ಅವನು ಈಗ ಹೊರಗೆ ಕಾಲಿಟ್ಟರೆ ಮರಳಿ ಬರಲು ಎಂಟು ತಿಂಗಳಾದೀತು, ಅಥವಾ ಬಾರದೆಯೇ ಇದ್ದಾನು. ಅಕ್ಕನಿಗೆ ಅದು ಗೊತ್ತು. ಆದರೂ ಮಾತ್ರೆ ಕೊಡುವುದಿಲ್ಲ. ಬಾಗಿಲ ಕಡೆ ಹೋಗಿ, ಹೊಸ್ತಿಲ ಮೇಲೆ ನಿಂತು, ಬೇಕೆಂದೇ ನಿಧಾನವಾಗಿ ಸೆರಗು ಸರಿಮಾಡಿಕೊಳ್ಳುತ್ತ ದಾರಿ ಅಡ್ಡಗಟ್ಟುತ್ತಾರೆ. ಗಂಡ ಹೆಂಡತಿ ಗೊಣಗುತ್ತ ಮತ್ತೆ ಕೂರುತ್ತಾರೆ.

ಹನ್ನೊಂದಕ್ಕೆ ಬೀಗದವನು ಬರುತ್ತಾನೆ, ವಾರದ ಮಾತ್ರೆಗೆ. ಈಗ ಅವನ ತಲೆ ಅರ್ಧ ನರೆತಿದೆ, ಸಣ್ಣದೊಂದು ಹೊಟ್ಟೆಯೂ ಬಂದಿದೆ. ಗೋಡೆ ಪಕ್ಕದ ಕುರ್ಚಿಯನ್ನು, ಅದರಲ್ಲಿರುವವನ ಕಣ್ಣನ್ನು ನೋಡಿ ಏನೂ ಕೇಳದೆ ಪಕ್ಕದಲ್ಲಿ ಕೂರುತ್ತಾನೆ.

"ಈ ಅಕ್ಕಂಗೆ ಸುಳ್ಳು ಹೇಳಿ ಗೆದ್ದೋನು ನಾನೊಬ್ನೇ ತಮ್ಮಾ. ಗೆದ್ದು ಇಲ್ಲೇ, ಈ ನೆಲದ ಮೇಲೆ ನಾಯಿ ಥರ ಒದ್ದಾಡ್ದೆ. ಎಂಟು ತಿಂಗಳು ಹಾಳು ಮಾಡ್ಕೊಂಡೆ. ನೀನು ಹೇಳೋದು ಬೇಡ, ಎಷ್ಟು ಗಂಟೆಗೆ ಅಂತ ಬೆರಳಲ್ಲಿ ತೋರಿಸು ಸಾಕು."

ಪೇಂಟರ್ ಹೆಂಡತಿಯ ಕಡೆ ನೋಡುತ್ತಾನೆ. ಅವಳು ಬಿಸ್ಕತ್ತಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಾಳೆ. ಅವನು ತೊಡೆಯ ಪಕ್ಕದಲ್ಲಿ, ಅವಳಿಗೆ ಕಾಣದಂತೆ, ನಾಲ್ಕು ಬೆರಳು ಎತ್ತುತ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ, ಬಚ್ಚಲಲ್ಲಿ. ಹೆಂಡತಿ ಗೋಡೆ ನೋಡುತ್ತಲೇ, "ಬಚ್ಚಲಲ್ಲಿ ನಲ್ಲಿ ಶಬ್ದ ಕೇಳಿಸಿತ್ತು" ಎನ್ನುತ್ತಾಳೆ, ಮೆಲ್ಲಗೆ. ಅವಳೂ ಸುಳ್ಳು ಹೇಳಿದ್ದಳು, ಬೇಗ ಕೊಟ್ಟುಬಿಡಲಿ ಎಂಬ ಆಸೆಗೆ.

ಅಕ್ಕ ಯಾರನ್ನೂ ಬೈಯುವುದಿಲ್ಲ. ಗಡಿಯಾರ ನೋಡುತ್ತಾರೆ. ನುಂಗಿದ ಮೇಲೆ ಹನ್ನೆರಡು ಗಂಟೆಯಾದರೂ ಕಳೆಯಬೇಕು. ಅಂದರೆ ಸಂಜೆ ನಾಲ್ಕು. "ಸರಿ ಬಿಡಿ. ಒಟ್ಟಿಗೆ ಕಾಯೋಣ. ನನಗೂ ಮನೇಲಿ ನಲ್ಲಿ ಹಿಡ್ಕೊಂಡು ನಿಲ್ಲೋ ಕೆಲಸ ತಪ್ಪುತ್ತೆ."

ಕಾಯುವ ಹೊತ್ತಿನಲ್ಲಿ ಹೆಂಡತಿಯ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಮೊದಲನೆಯದು ಎಲ್ಲರೂ ಕೇಳುವಂಥದ್ದು. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತಲ್ಲವೇ?

"ಚಟಕ್ಕೆ ಬಿದ್ದೋನು ಬೆಳಿಗ್ಗೆ ಎದ್ದು ಅದನ್ನೇ ಹುಡುಕ್ತಾನೆ. ಇಲ್ಲಿಂದ ಹೋದೋನು ಕೆಲಸ ಹುಡುಕ್ತಾನೆ. ನಮ್ಮನೆಯವರು ಹತ್ತು ವರ್ಷದಿಂದ ಬೀಪಿ ಮಾತ್ರೆ ನುಂಗ್ತಾರೆ. ಬೀಪಿ ಚಟದವರು ಅಂತೀವಾ?"

ಎಷ್ಟು ದಿನ ತೆಗೆದುಕೊಳ್ಳಬೇಕು ಎಂದರೆ ಅಕ್ಕ ದಿನದ ಮಾತೇ ಆಡುವುದಿಲ್ಲ. ತಿಂಗಳುಗಳು, ಹಲವರಿಗೆ ವರ್ಷಗಳು. ಮೊದಲ ವಾರ ಪ್ರಮಾಣ ಕೂಡಿಬರುವವರೆಗೆ ಸ್ವಲ್ಪ ಬೆವರು, ತಲೆನೋವು, ಮಂಪರು ಇರುತ್ತದೆ, ಹೊಟ್ಟೆ ಕಟ್ಟುತ್ತದೆ. ಮದ್ಯ, ನಿದ್ದೆಮಾತ್ರೆ ಜೊತೆಗೆ ಸೇರಲೇಬಾರದು, ಸೇರಿದರೆ ಉಸಿರೇ ನಿಂತೀತು. ಚೆನ್ನಾಗಿದ್ದೇನಲ್ಲ ಎಂದು ತಾನೇ ಒಂದು ದಿನ ನಿಲ್ಲಿಸಬಾರದು. ನಿಲ್ಲಿಸುವ ಕಾಲ ಬಂದಾಗ ವೈದ್ಯರು ಚೂರುಚೂರೇ ಇಳಿಸುತ್ತಾರೆ. ಒಂದು ದಿನ ಕಾಲು ಜಾರಿ ಹಳೆಯದನ್ನು ಮುಟ್ಟಿದರೆ ಮುಖ ಮರೆಸಿಕೊಳ್ಳದೆ ಮರುದಿನವೇ ಬರಬೇಕು. ಪೇಂಟರಿಗೆ ಪ್ರತ್ಯೇಕವಾಗಿ ಇನ್ನೊಂದು: "ವೈದ್ಯರು ಹೂಂ ಅನ್ನೋವರೆಗೂ ಏಣಿ ಹತ್ತಬೇಡ. ಕೈಗೆ ಸಿಗೋಷ್ಟು ಎತ್ತರ ಬಳಿ, ಮೇಲಿಂದು ಬೇರೆಯವರು ನೋಡ್ಕೊಳ್ಳಲಿ."

ಇದನ್ನೆಲ್ಲ ಹೇಳುವಾಗ ಅಕ್ಕ ಒಮ್ಮೆ ಮಾತ್ರ ದನಿ ತಗ್ಗಿಸುತ್ತಾರೆ. ಔಷಧಿ ಬಿಟ್ಟು ಹೋದವರ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೆ ಸಾವು. ಹದಿನಾಲ್ಕು ವರ್ಷದಲ್ಲಿ ಹಾಗೆ ನಾಲ್ಕು ಜನರನ್ನು ಅವರು ಕಳೆದುಕೊಂಡಿದ್ದಾರೆ. "ನಾಲ್ಕೂ ಜನ ಬೆಂಚಿನ ಮೇಲೆ ಎಲ್ಲಿ ಕೂರ್ತಿದ್ರು ಅಂತ ಈಗ್ಲೂ ತೋರಿಸ್ತೀನಿ" ಎನ್ನುತ್ತಾರೆ. ತೋರಿಸುವುದಿಲ್ಲ.

ಮೂರಕ್ಕೆ ಪೇಂಟರ್ ಎದ್ದು ಓಡಾಡುತ್ತಾನೆ. ಮೂರೂವರೆಗೆ ಮೊದಲ ಆಕಳಿಕೆ, ಆಮೇಲೆ ಸಾಲಾಗಿ ಆಕಳಿಕೆಗಳು. ಮೂಗು ಸೋರುತ್ತದೆ, ಕಾಲು ಸೆಳೆಯುತ್ತದೆ, ಬಾಗಿಲಿನ ಕಡೆ ನೋಡುತ್ತಾನೆ. ಹೆಂಡತಿ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ನಾಲ್ಕೂಕಾಲಿಗೆ ಅಕ್ಕ ಅವನ ತೋಳು ನೋಡುತ್ತಾರೆ. ರೋಮವೆಲ್ಲ ನಿಮಿರಿ ನಿಂತಿದೆ. "ಬಂತು ನೋಡಿ" ಎಂದು ಹೆರಿಗೆ ವಾರ್ಡಿನಲ್ಲಿ ಹೇಳುತ್ತಿದ್ದ ಅದೇ ಸಂಭ್ರಮದಲ್ಲಿ ಕೂಗಿ ವೈದ್ಯರನ್ನು ಕರೆಸುತ್ತಾರೆ.

ವೈದ್ಯರು ಬರೆಯುತ್ತಾರೆ. ಚಮಚದ ಬೆನ್ನು ಪುಟ್ಟ ಮಾತ್ರೆಯ ಮೇಲೆ ಒತ್ತುತ್ತದೆ. ಎಂಟು ನಿಮಿಷ. ಅಕ್ಕ ನಲ್ಲಿಯ ಕಥೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ. ಪೇಂಟರ್ ನಗುವುದಿಲ್ಲ, ಕಣ್ಣು ಮುಚ್ಚಿ ಕೂತಿದ್ದಾನೆ. ನಲವತ್ತು ನಿಮಿಷದ ನಂತರ ಕಾಲಿನ ಸೆಳೆತ ನಿಲ್ಲುತ್ತದೆ. ಗಂಟೆ ಕಳೆದ ಮೇಲೆ ವೈದ್ಯರು ಮತ್ತೆ ನೋಡಿ ಇನ್ನೊಂದು ಮಾತ್ರೆ ಬರೆಯುತ್ತಾರೆ. ಆರೂಕಾಲಿಗೆ ಅವನು ಕಣ್ಣು ಬಿಟ್ಟು, ಹೆಂಡತಿಯ ಮಡಿಲಲ್ಲಿದ್ದ ಪೊಟ್ಟಣ ತೆಗೆದು ಬಿಸ್ಕತ್ತು ತಿನ್ನಲು ಶುರು ಮಾಡುತ್ತಾನೆ. ಮೂರು, ನಾಲ್ಕು, ಐದು. "ನನಗೊಂದಾದ್ರೂ ಬಿಡ್ರೀ" ಎನ್ನುತ್ತಾಳೆ ಅವಳು, ಅಳುತ್ತ ನಗುತ್ತ. ತವರಿನ ಮಾತು ಮತ್ತೆ ಬರುವುದಿಲ್ಲ.

ಆ ದಿನದ ಗದ್ದಲದಲ್ಲಿ ಅಕ್ಕ ಒಂದು ಮಾತು ಹೇಳುವುದನ್ನು ಮರೆತರು. ಪ್ರತಿಯೊಬ್ಬ ಹೊಸಬನಿಗೂ ಮೊದಲ ದಿನವೇ ಹೇಳುವ ಮಾತದು: ಹೊರಗೆ ಎಲ್ಲಾದರೂ ಕಂಡರೆ ನನ್ನನ್ನು ಮಾತಾಡಿಸಬೇಕಿಲ್ಲ, ನಾನೂ ಮಾತಾಡಿಸುವುದಿಲ್ಲ. ಈ ಅಕ್ಕನ ಪರಿಚಯವಿದೆ ಎಂದರೆ ಎಲ್ಲಿಂದ ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆ ಕೆಲಸವನ್ನೂ ಸಂಬಂಧವನ್ನೂ ಕಳೆಯಬಲ್ಲದು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅವರ ರೋಗಿಗಳು ಅವರನ್ನು ನೋಡಿಯೂ ನೋಡದಂತೆ ಹಾದುಹೋಗುತ್ತಾರೆ. ಒಮ್ಮೆ ಯಜಮಾನರು ಮುಂಬಾಗಿಲಿನ ಬೀಗವನ್ನು ತಾವೇ ಬಿಚ್ಚಿ ಕೆಡಿಸಿದಾಗ ಬಂದವನು ಇದೇ ಬೀಗದವನು. "ನಿನಗೆ ಇವನು ಗೊತ್ತಾ?" ಎಂದು ಯಜಮಾನರು ಕೇಳಿದರು. ಇಬ್ಬರೂ ಒಂದೇ ದನಿಯಲ್ಲಿ ಇಲ್ಲ ಎಂದರು. ಒಂದೇ ದನಿಯಲ್ಲಿ ಅಂದಿದ್ದಕ್ಕೇ ಯಜಮಾನರಿಗೆ ಅನುಮಾನ ಇಂದಿಗೂ ಹೋಗಿಲ್ಲ.

"ಬೇಜಾರೇನಿಲ್ಲ" ಎನ್ನುತ್ತಾರೆ ಅಕ್ಕ. "ಮುಖ ತಿರುಗಿಸಿ ಹೋದ್ರೆ ಚೆನ್ನಾಗಿದ್ದಾನೆ ಅಂತ ಅರ್ಥ. ಕಳ್ಕೊಳ್ಳೋಕೆ ಏನೋ ಒಂದು ಗಳಿಸಿದ್ದಾನೆ." ನಿವೃತ್ತಿಗೆ ನಾಲ್ಕು ವರ್ಷವಿದೆ, ಏನಾದರೂ ಆಸೆ ಇದೆಯೇ ಎಂದರೆ ನಿಂತ ಗೋಡೆ ಗಡಿಯಾರ ತೋರಿಸುತ್ತಾರೆ. "ದೊಡ್ಡ ಮುಳ್ಳಿಂದು ಒಂದು. ಎಂಟು ನಿಮಿಷ ಅವರಿಗೇ ಕಾಣ್ಲಿ."

ಹನ್ನೆರಡು ದಿನ ಕಳೆದಿವೆ. ಪೇಂಟರ್ ಒಂದು ದಿನವೂ ತಪ್ಪಿಸಿಲ್ಲ. ಸಂಜೆ ಅಕ್ಕ, ಕೌನ್ಸೆಲರಮ್ಮ ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ. ಎದುರಿನ ಚಪ್ಪಲಿ ಅಂಗಡಿಯ ಗೋಡೆಗೆ ಒಬ್ಬ ನೀಲಿ ಬಳಿಯುತ್ತಿದ್ದಾನೆ, ಕೈಗೆ ಸಿಗುವಷ್ಟು ಎತ್ತರಕ್ಕೆ ಮಾತ್ರ. ಮೇಲಿನ ಅರ್ಧ ಹಳೆಯ ಹಳದಿಯಲ್ಲೇ ಇದೆ. ಅಕ್ಕ ನೋಡಿ, ರೂಢಿಯಂತೆ ಮುಖ ತಿರುಗಿಸಿ ಬಸ್ಸು ಬರುವ ದಿಕ್ಕನ್ನು ಬಹಳ ಆಸಕ್ತಿಯಿಂದ ದಿಟ್ಟಿಸುತ್ತಾರೆ.

"ಅಕ್ಕಾ!"

ಅಕ್ಕ ಕೇಳಿಸದವರಂತೆ ನಿಲ್ಲುತ್ತಾರೆ.

"ಅಕ್ಕಾ, ಇಲ್ಲಿ! ನಾನು! ಗೋಡೆ ಪಕ್ಕದ ಕುರ್ಚಿ!" ಕುಂಚ ಹಿಡಿದುಕೊಂಡೇ ಅವನು ರಸ್ತೆ ದಾಟಿ ಓಡಿಬರುತ್ತಾನೆ. ನಿಲ್ದಾಣದ ಜನರೆಲ್ಲ ತಿರುಗಿ ನೋಡುತ್ತಾರೆ. "ಏಣಿ ಹತ್ತಿಲ್ಲ ಅಕ್ಕಾ, ನೋಡಿ ಬೇಕಾದ್ರೆ. ನಾಳೆ ಸಾಹುಕಾರ್ರು ಮೇಲಿಂದಕ್ಕೆ ಬೇರೆಯವರನ್ನ ಕರೆಸ್ತಾರಂತೆ." ಯಾರಪ್ಪ ಇವರು ಎಂದು ಅಂಗಡಿಯವನು ಅಲ್ಲಿಂದಲೇ ಕೂಗಿ ಕೇಳುತ್ತಾನೆ. "ನನಗೆ ಮದ್ದು ಕೊಡೋ ಅಕ್ಕ!" ಎಂದು ಇವನು ಅಷ್ಟೇ ಜೋರಾಗಿ ಉತ್ತರಿಸುತ್ತಾನೆ. ಅಂಗಡಿಯವನು ಸರಿ ಸರಿ ಎಂಬಂತೆ ಕೈಯೆತ್ತಿ ಮತ್ತೆ ಗಿರಾಕಿಯ ಕಾಲಿಗೆ ಚಪ್ಪಲಿ ತೊಡಿಸಲು ಬಗ್ಗುತ್ತಾನೆ.

ದಿನಾ ತೊಂಬತ್ತು ಜನರ ಮುಂದೆ ನಾಲಿಗೆ ಆಡಿಸುವ ಅಕ್ಕ ಈಗ ಕೇಳುವುದು ಇಷ್ಟೇ: "ಊಟ ಆಯ್ತಾ?"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸೆರಗಿಗೆ ಹತ್ತಿದ ನೀಲಿ ಚುಕ್ಕೆಯನ್ನು ಉಜ್ಜುತ್ತಾರೆ. ಅದು ಹೋಗುವುದಿಲ್ಲ. "ಅವತ್ತು ಆ ಮಾತು ಹೇಳೋದು ಮರೆತೇಹೋಯ್ತು ನೋಡು. ನಾಳೆ ಬೆಳಿಗ್ಗೆ ಹೇಳ್ಬೇಕು" ಎಂದು ಕೌನ್ಸೆಲರಮ್ಮನಿಗೆ ಹೇಳುತ್ತಾರೆ.

ಎರಡು ನಿಲ್ದಾಣ ಕಳೆಯುತ್ತವೆ. ಅಕ್ಕ ಉಜ್ಜುವುದನ್ನು ನಿಲ್ಲಿಸಿದ್ದಾರೆ.

"ಹದಿನಾಲ್ಕು ವರ್ಷದಲ್ಲಿ ಬೀದೀಲಿ ನನ್ನ ಕೂಗಿ ಮಾತಾಡಿಸ್ದೋನು ಇವನೊಬ್ನೇ ಕಣಮ್ಮ" ಎನ್ನುತ್ತಾರೆ. "ಬೇಡ ಬಿಡು. ಇವನಿಗೊಬ್ಬನಿಗೆ ಹೇಳಲ್ಲ."